ಸರ್ಕಾರಿ ಶಾಲೆಯೋ ಖಾಸಗಿಯೋ: ಮಗುವನ್ನು ಸೇರಿಸುವ ಮುನ್ನ ಅಂಕಿ-ಅಂಶ ಓದುವ ಕ್ರಮ

ನವೆಂಬರ್ ಕಳೆಯಿತೆಂದರೆ ನನಗೆ ಬರುವ ಫೋನುಗಳ ಧಾಟಿ ಒಂದೇ. "ಸರ್, ಎಲ್ಲಾ ನೋಡಿದೆ. ಸರ್ಕಾರಿ ಶಾಲೇಲಿ ಇಪ್ಪತ್ತು ಮಕ್ಕಳಿಗೆ ಒಬ್ಬರು ಮೇಷ್ಟ್ರು, ಪ್ರೈವೇಟಲ್ಲಿ ಮೂವತ್ತಕ್ಕೊಬ್ಬರು. ಆದ್ರೆ ಪ್ರೈವೇಟಿಂದು ನೂರಕ್ಕೆ ನೂರು ರಿಸಲ್ಟು. ಈಗೇನ್ ಮಾಡೋದು?"

ಎರಡೂ ಅಂಕಿ ನಿಜವಾಗಿರಬಹುದು, ಎರಡರಿಂದಲೂ ಏನೂ ತಿಳಿಯದೆಯೂ ಇರಬಹುದು. ಫೋನು ಮಾಡುವವರಲ್ಲಿ ಹೆಚ್ಚಿನವರು ಎಡವುವುದು ಲೆಕ್ಕದಲ್ಲಲ್ಲ, ಕ್ರಮದಲ್ಲಿ. ಮೊದಲು ಕಟ್ಟಡ ನೋಡುತ್ತಾರೆ, ಆಮೇಲೆ ಫೀಸು ಕೇಳುತ್ತಾರೆ, ಮನಸ್ಸು ಅಲ್ಲೇ ತೀರ್ಮಾನಿಸಿಬಿಟ್ಟಿರುತ್ತದೆ. ಅಂಕಿ ಹುಡುಕುವುದು ಆ ತೀರ್ಮಾನಕ್ಕೆ ಸಾಕ್ಷಿ ಬೇಕೆಂದು. ಹಾಗಾಗಿ ಇಲ್ಲಿ ಕ್ರಮ ತಿರುಗುಮುರುಗು: ಮೊದಲು ಮನೆಯಲ್ಲಿ ಕೂತು ಅಂಕಿ, ಶಾಲೆಯ ಗೇಟು ಕೊನೆಗೆ.

ಇನ್ನೊಂದು ಮಾತು. "ಸರ್ಕಾರಿ" ಮತ್ತು "ಖಾಸಗಿ" ಎಂಬ ಎರಡು ಜಾತಿಗಳನ್ನು ಹೋಲಿಸಲು ಹೊರಟರೆ ಈ ಕೆಲಸ ಮುಗಿಯುವುದೇ ಇಲ್ಲ. ನಿಮ್ಮ ಮಗು ಹೋಗಬಹುದಾದ ಮೂರೋ ನಾಲ್ಕೋ ಶಾಲೆಗಳಿವೆ. ಹೋಲಿಕೆ ಅವುಗಳ ನಡುವೆ ಮಾತ್ರ.

ಬೇಕಾದ ಸಾಮಾನು

ಇಂಟರ್‌ನೆಟ್ ಇರುವ ಫೋನು, ಒಂದು ಉದ್ದ ನೋಟ್‌ಬುಕ್, ಕ್ಯಾಲ್ಕುಲೇಟರ್. ಎರಡನೇ ತರಗತಿಯ ಕನ್ನಡ ಪಠ್ಯಪುಸ್ತಕ (ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ). ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ಒಂದು ಅರ್ಜಿಗೆ ಒಂದರಂತೆ. ಸಮಯದ ಲೆಕ್ಕದಲ್ಲಿ ಎರಡು ಭಾನುವಾರ ಮತ್ತು ಶಾಲೆ ನಡೆಯುವ ಒಂದು ದಿನದ ರಜೆ. ಖಾಸಗಿ ಶಾಲೆಗಳ ದಾಖಲಾತಿ ನವೆಂಬರ್-ಡಿಸೆಂಬರ್‌ನಲ್ಲೇ ಶುರುವಾಗುವುದರಿಂದ ದಸರಾ ರಜೆಯಲ್ಲೇ ಕೈಹಚ್ಚಿದರೆ ಒಳ್ಳೆಯದು.

ಹಂತ 1: ನಾಲ್ಕೇ ಶಾಲೆಯ ಪಟ್ಟಿ ಮಾಡಿ

ಮಾಧ್ಯಮ, ಪಠ್ಯಕ್ರಮ, ದೂರ ಈ ಮೂರನ್ನು ಮೊದಲು ನಿರ್ಧರಿಸಿ. ಕನ್ನಡ ಮಾಧ್ಯಮದ ಶಾಲೆಯನ್ನೂ ಇಂಗ್ಲಿಷ್ ಮಾಧ್ಯಮದ ಶಾಲೆಯನ್ನೂ ಪಕ್ಕಪಕ್ಕ ಇಟ್ಟರೆ ನೀವು ಶಾಲೆ ಹೋಲಿಸುತ್ತಿಲ್ಲ, ಮಾಧ್ಯಮ ಹೋಲಿಸುತ್ತಿದ್ದೀರಿ. "ಇಂಗ್ಲಿಷ್ ಬೇಕು, ಅದಕ್ಕೇ ಪ್ರೈವೇಟು" ಎನ್ನುವವರು ಹತ್ತಿರದ ಸರ್ಕಾರಿ ಶಾಲೆಯಲ್ಲಿ ಆಂಗ್ಲ ಮಾಧ್ಯಮ ವಿಭಾಗ ಇದೆಯೇ ಎಂದು ಒಮ್ಮೆ ವಿಚಾರಿಸಿ. 2019-20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಅದು ಶುರುವಾಗಿದೆ. ಕರ್ನಾಟಕ ಪಬ್ಲಿಕ್ ಶಾಲೆ (ಪೂರ್ವ ಪ್ರಾಥಮಿಕದಿಂದ ಪಿಯುಸಿವರೆಗೆ ಒಂದೇ ಕಡೆ ಇರುವ ಸರ್ಕಾರಿ ಶಾಲೆ) ಹತ್ತಿರವಿದ್ದರೆ ಅದನ್ನೂ ಸೇರಿಸಿ.

ಇಲ್ಲೇ ಮೊದಲ ತಪ್ಪು ಆಗುವುದು. ಖಾಸಗಿ ಶಾಲೆ ಸಾಮಾನ್ಯವಾಗಿ ಎಲ್‌ಕೆಜಿಯಿಂದ ಹತ್ತರವರೆಗೆ ಒಂದೇ ಕಾಂಪೌಂಡಿನಲ್ಲಿ ಇರುತ್ತದೆ. ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಐದಕ್ಕೆ ಮುಗಿಯುತ್ತದೆ, ಹಿರಿಯ ಪ್ರಾಥಮಿಕ ಏಳಕ್ಕೋ ಎಂಟಕ್ಕೋ. ಆಮೇಲೆ ಪ್ರೌಢಶಾಲೆ ಬೇರೆ. ಹಾಗಾಗಿ ಸರ್ಕಾರಿ ಕಡೆ ಒಂದು ಶಾಲೆಯಲ್ಲ, ಒಂದು ಸರಪಳಿಯನ್ನೇ ಬರೆದುಕೊಳ್ಳಬೇಕು: ಈ ಪ್ರಾಥಮಿಕ, ಆಮೇಲೆ ಆ ಪ್ರೌಢಶಾಲೆ. ಪಕ್ಕದ ಪ್ರಾಥಮಿಕ ಶಾಲೆ ಚಿನ್ನದಂತಿದ್ದು, ಪ್ರೌಢಶಾಲೆ ಎಂಟು ಕಿಲೋಮೀಟರ್ ದೂರದ ಹೋಬಳಿ ಕೇಂದ್ರದಲ್ಲಿದ್ದರೆ ಅದು ಇವತ್ತೇ ಗೊತ್ತಿರಬೇಕು.

ವಯಸ್ಸಿನ ಲೆಕ್ಕವೂ ಇಲ್ಲೇ ಮುಗಿಸಿ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು. 2025-26ರಲ್ಲಿ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದು ಆ ಒಂದು ಸಾಲಿಗೆ ಮಾತ್ರ. "ಎಲ್‌ಕೆಜಿಗೆ ಈಗಲೇ ಸೇರಿಸಿ, ಆಮೇಲೆ ನೋಡ್ಕೊಳ್ಳೋಣ" ಎನ್ನುವ ಶಾಲೆ ನಿಮ್ಮಿಂದ ಒಂದು ವರ್ಷದ ಫೀಸು ಹೆಚ್ಚು ಪಡೆಯುತ್ತದೆ, ಅಷ್ಟೇ.

ಹಂತ 2: ಸರಿಯಾದ ಯುಡೈಸ್ ಸಂಖ್ಯೆ ಹಿಡಿಯಿರಿ

ದೇಶದ ಪ್ರತಿ ಮಾನ್ಯತೆ ಪಡೆದ ಶಾಲೆಗೂ ಹನ್ನೊಂದು ಅಂಕಿಯ ಯುಡೈಸ್ ಸಂಖ್ಯೆ ಇರುತ್ತದೆ. ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಎರಡು ಜಿಲ್ಲೆ, ಆಮೇಲಿನ ಎರಡು ಬ್ಲಾಕು, ನಂತರದ ಮೂರು ಹಳ್ಳಿ ಅಥವಾ ವಾರ್ಡು, ಕೊನೆಯ ಎರಡು ಶಾಲೆಯದು. ಕೇಂದ್ರ ಶಿಕ್ಷಣ ಸಚಿವಾಲಯದ ಯುಡೈಸ್ ಪ್ಲಸ್ ಜಾಲತಾಣದಲ್ಲಿ "ನೋ ಯುವರ್ ಸ್ಕೂಲ್" ಎಂಬ ವಿಭಾಗವಿದೆ. ಅಲ್ಲಿ ಈ ಸಂಖ್ಯೆ ಹಾಕಿದರೆ ಶಾಲೆಯ ವರದಿ ಕಾರ್ಡು ತೆರೆದುಕೊಳ್ಳುತ್ತದೆ. ಲಾಗಿನ್ ಬೇಡ, ದುಡ್ಡೂ ಬೇಡ.

ಹೆಸರಿನಿಂದ ಹುಡುಕಲು ಹೋಗಬೇಡಿ. ನಾನು ಹಾಗೆ ಮಾಡಿ ಕೆಟ್ಟಿದ್ದೇನೆ. ನಮ್ಮ ಬಡಾವಣೆಯಲ್ಲಿ ಒಂದೇ ಗೋಡೆಯ ಆಚೀಚೆ ಎರಡು ಸರ್ಕಾರಿ ಶಾಲೆಗಳಿವೆ, ಒಂದು ಕನ್ನಡ ಮಾಧ್ಯಮ, ಇನ್ನೊಂದು ಉರ್ದು. ಪಟ್ಟಿಯಲ್ಲಿ ಎರಡರ ಹೆಸರೂ ಹೆಚ್ಚುಕಡಿಮೆ ಒಂದೇ. ಒಂದು ವಾರ ಉರ್ದು ಶಾಲೆಯ ಅಂಕಿಗಳ ಮೇಲೆ ಲೆಕ್ಕ ಹಾಕಿ, ಹೆಂಡತಿಗೆ ಭಾಷಣವನ್ನೂ ಮಾಡಿ, ಕೊನೆಗೆ ಮಾಧ್ಯಮದ ಸಾಲು ಕಣ್ಣಿಗೆ ಬಿದ್ದಾಗ ಪುಟ ಹರಿದು ಹಾಕಿದೆ. ಸಂಖ್ಯೆಯ ಕೊನೆಯ ಎರಡು ಅಂಕಿ ಮಾತ್ರ ಬೇರೆ ಇತ್ತು.

ಖಾಸಗಿ ಶಾಲೆಗಳಲ್ಲಿ ಇದರ ಇನ್ನೊಂದು ರೂಪ. ಒಂದೇ ಬೋರ್ಡಿನ ಕೆಳಗೆ ಪ್ರಾಥಮಿಕಕ್ಕೆ ಒಂದು ಸಂಖ್ಯೆ, ಪ್ರೌಢಶಾಲೆಗೆ ಇನ್ನೊಂದು ಇರಬಹುದು. ಒಂದನ್ನೇ ತೆಗೆದರೆ ಅರ್ಧ ಶಾಲೆ ಕಾಣುತ್ತದೆ. ಸಂಖ್ಯೆಯನ್ನು ಶಾಲೆಯ ಕಚೇರಿಯಲ್ಲೇ ಕೇಳಿ ಬರೆದುಕೊಳ್ಳಿ. ಅಲ್ಲಿ ಓದುವ ಮಗುವಿನ ಟಿಸಿಯಲ್ಲೋ ಅಂಕಪಟ್ಟಿಯಲ್ಲೋ ಸಿಕ್ಕರೂ ಸರಿ.

ಎಚ್ಚರಿಕೆ: ಸಂಖ್ಯೆ ಕೊಡಲು ಹಿಂದೆಮುಂದೆ ನೋಡುವ ಶಾಲೆ, ಅಥವಾ ವರದಿಯಲ್ಲಿ "ಐದರವರೆಗೆ" ಎಂದಿದ್ದು ಬೋರ್ಡಿನಲ್ಲಿ "ಹತ್ತರವರೆಗೆ" ಎಂದು ಬರೆಸಿಕೊಂಡ ಶಾಲೆ ಕಂಡರೆ ಅಲ್ಲೇ ನಿಲ್ಲಿ. ಮಾನ್ಯತೆ ಯಾವ ತರಗತಿಗೆ, ಯಾವ ಮಾಧ್ಯಮಕ್ಕೆ, ಯಾವ ಪಠ್ಯಕ್ರಮಕ್ಕೆ ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಿ. "ಸಿಬಿಎಸ್‌ಇ ಪ್ಯಾಟರ್ನ್" ಎಂಬ ಮಾನ್ಯತೆ ಭೂಮಿಯ ಮೇಲೆ ಎಲ್ಲೂ ಇಲ್ಲ. ಸಿಬಿಎಸ್‌ಇ ಶಾಲೆಯಾದರೆ ಸಂಯೋಜನಾ ಸಂಖ್ಯೆ (ಅಫಿಲಿಯೇಷನ್ ನಂಬರು) ಇರುತ್ತದೆ, ಮಂಡಳಿಯ ಜಾಲತಾಣದಲ್ಲಿ ಅದನ್ನು ಹಾಕಿ ನೋಡಬಹುದು.

ಹಂತ 3: ವರದಿ ಕಾರ್ಡಿನಿಂದ ಆರು ಅಂಕಿ ಎತ್ತಿಕೊಳ್ಳಿ, ಉಳಿದದ್ದು ಬಿಡಿ

ವರದಿಯಲ್ಲಿ ಸಾಲುಗಳು ಲೆಕ್ಕವಿಲ್ಲದಷ್ಟಿವೆ. ನಿಮಗೆ ಬೇಕಾದವು ಇಷ್ಟೇ: ತರಗತಿವಾರು ಮಕ್ಕಳ ಸಂಖ್ಯೆ, ಒಟ್ಟು ಶಿಕ್ಷಕರು, ಅವರಲ್ಲಿ ಕಾಯಂ ಎಷ್ಟು ಗುತ್ತಿಗೆ ಎಷ್ಟು, ಡಿ.ಎಡ್ ಅಥವಾ ಬಿ.ಎಡ್ ಆದವರೆಷ್ಟು, ಸುಸ್ಥಿತಿಯ ಕೊಠಡಿಗಳು, ಬಳಕೆಯಲ್ಲಿರುವ ಹೆಣ್ಣುಮಕ್ಕಳ ಶೌಚಾಲಯ. ಒಂದು ವರ್ಷದ್ದು ಸಾಲದು, ಹಿಂದಿನ ವರ್ಷಗಳ ವರದಿಯನ್ನೂ ತೆಗೆದು ಮೂರ್ನಾಲ್ಕು ವರ್ಷಗಳದ್ದನ್ನು ಒಂದರ ಕೆಳಗೊಂದು ಬರೆಯಿರಿ.

ಈ ಅಂಕಿಗಳನ್ನು ತುಂಬುವುದು ಶಾಲೆಯವರೇ ಎಂಬುದು ನೆನಪಿರಲಿ. ಲೆಕ್ಕ ಹಿಡಿಯುವ ದಿನ ಸೆಪ್ಟೆಂಬರ್ 30. ಜುಲೈಯಲ್ಲಿ ಬಂದ ಅತಿಥಿ ಶಿಕ್ಷಕರು ಇದರಲ್ಲಿ ಇರಬಹುದು, ಅಕ್ಟೋಬರ್‌ನಲ್ಲಿ ವರ್ಗವಾಗಿ ಹೋದವರೂ ಇರಬಹುದು. ಹಾಗಾಗಿ ವರದಿ ಎಂದರೆ ಒಂದು ಹಳೆಯ ಫೋಟೊ.

ಇನ್ನು ಎಲ್ಲರೂ ಮೋಸಹೋಗುವ ಅಂಕಿಗೆ ಬರೋಣ: ಶಿಕ್ಷಕರಿಗೆ ಎಷ್ಟು ಮಕ್ಕಳು ಎಂಬ ಅನುಪಾತ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದಕ್ಕೆ ಮೂವತ್ತು ಮಕ್ಕಳಿಗೊಬ್ಬರು, ಆರರಿಂದ ಎಂಟಕ್ಕೆ ಮೂವತ್ತೈದಕ್ಕೊಬ್ಬರು. ಈಗ ಒಂದು ಉದಾಹರಣೆ, ಅಂಕಿ ನಾನೇ ಇಟ್ಟಿದ್ದು. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ಏಳರವರೆಗೆ 62 ಮಕ್ಕಳು, 3 ಶಿಕ್ಷಕರು. ಅನುಪಾತ ಇಪ್ಪತ್ತೊಂದಕ್ಕೆ ಒಂದು, ಕಾಗದದ ಮೇಲೆ ಭೇಷ್. ಪಕ್ಕದ ಖಾಸಗಿ ಶಾಲೆಯಲ್ಲಿ ಅದೇ ಏಳು ತರಗತಿಗೆ 315 ಮಕ್ಕಳು, 10 ಶಿಕ್ಷಕರು. ಅನುಪಾತ ಸುಮಾರು ಮೂವತ್ತೆರಡಕ್ಕೆ ಒಂದು, ಕೊಂಚ ಕಡಿಮೆ ದರ್ಜೆ.

ಒಳಗೆ ಹೋಗಿ ನೋಡಿದರೆ ಕತೆ ಬೇರೆ. ಸರ್ಕಾರಿ ಶಾಲೆಯಲ್ಲಿ ಏಳು ತರಗತಿಗೆ ಮೂವರು. ಒಂದರಿಂದ ಮೂರರವರೆಗೆ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳನ್ನು ಒಟ್ಟಿಗೆ ಕೂರಿಸುವುದು ಉದ್ದೇಶಪೂರ್ವಕ, ಅದನ್ನು ಕೊರತೆಯೆಂದು ಬರೆಯಬೇಡಿ. ಅಲ್ಲಿಗೆ ಗುಂಪು ಐದಾಯಿತು: ನಲಿ-ಕಲಿ ಒಂದು, ಉಳಿದ ನಾಲ್ಕು ತರಗತಿ ನಾಲ್ಕು. ಐದು ಗುಂಪಿಗೆ ಮೂವರು ಶಿಕ್ಷಕರು. ಅವರಲ್ಲಿ ಒಬ್ಬರು ಮುಖ್ಯ ಶಿಕ್ಷಕರಾಗಿ ಬಿಸಿಯೂಟದ ಲೆಕ್ಕ, ಸಭೆ, ಬಿಇಒ ಕಚೇರಿ ಎಂದು ಓಡಾಡುತ್ತಿದ್ದರೆ ಉಳಿದದ್ದು ಇಬ್ಬರೇ. ಖಾಸಗಿಯಲ್ಲಿ ಪ್ರತಿ ತರಗತಿಗೂ ಒಬ್ಬರು ನಿಂತಿರುತ್ತಾರೆ, ಆದರೆ ಒಂದೊಂದು ಕೊಠಡಿಯಲ್ಲಿ 45 ಮಕ್ಕಳು. ಮೊದಲನೆಯದರಲ್ಲಿ ಮೇಷ್ಟ್ರಿಗಾಗಿ ಕಾಯಬೇಕು, ಎರಡನೆಯದರಲ್ಲಿ ಮೇಷ್ಟ್ರ ಕಣ್ಣಿಗಾಗಿ. ಯಾವುದು ನಿಮ್ಮ ಮಗುವಿಗೆ ಕಷ್ಟ ಎಂಬುದನ್ನು ಅನುಪಾತ ಹೇಳುವುದಿಲ್ಲ.

ಆದ್ದರಿಂದ ಅನುಪಾತದ ಸಾಲು ಹೊಡೆದುಹಾಕಿ, ಎರಡು ಬೇರೆ ಅಂಕಿ ಬರೆಯಿರಿ. ಒಂದು, ಗುಂಪಿಗೆ ಎಷ್ಟು ಶಿಕ್ಷಕರು (ಮೇಲಿನ ಉದಾಹರಣೆಯಲ್ಲಿ ಐದಕ್ಕೆ ಮೂರು, ಏಳಕ್ಕೆ ಹತ್ತು). ಎರಡು, ನಿಮ್ಮ ಮಗು ಸೇರುವ ತರಗತಿಯ ಕೊಠಡಿಯಲ್ಲಿ ಎಷ್ಟು ತಲೆ.

ಹಂತ 4: ಮಕ್ಕಳ ಜಾಡು ಹಿಡಿಯಿರಿ

ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ನಂಬಿಕೆಯಿರುವುದು ಈ ಹಂತದ ಮೇಲೆ. ಬಹುತೇಕ ಯಾರೂ ಮಾಡದಿರುವುದೂ ಇದನ್ನೇ.

ವರದಿ ಕಾರ್ಡುಗಳಲ್ಲಿ ತರಗತಿವಾರು ಸಂಖ್ಯೆ ಇದೆಯಲ್ಲ, ಅದನ್ನು ಓರೆಯಾಗಿ ಓದಿ. ಒಂದು ವರ್ಷದ ಎಂಟನೇ ತರಗತಿ, ಮರುವರ್ಷದ ಒಂಬತ್ತು, ಅದರ ಮರುವರ್ಷದ ಹತ್ತು. ಮೂರೂ ಕಡೆ ಇರಬೇಕಾದ್ದು ಹೆಚ್ಚುಕಡಿಮೆ ಅದೇ ಮಕ್ಕಳು. ಅವರು ಎಲ್ಲಿಗೆ ಹೋದರು ಎಂಬುದೇ ಪ್ರಶ್ನೆ.

ಮತ್ತೆ ನಾನಿಟ್ಟ ಅಂಕಿ. ಖಾಸಗಿ ಶಾಲೆ: ಎಂಟರಲ್ಲಿ 60, ಒಂಬತ್ತರಲ್ಲಿ 58, ಹತ್ತರಲ್ಲಿ 41. ಎಸ್‌ಎಸ್‌ಎಲ್‌ಸಿಗೆ ಕೂತವರು 41, ಪಾಸಾದವರು 41. ಫ್ಲೆಕ್ಸಿನಲ್ಲಿ "ಶೇ. 100". ಸರ್ಕಾರಿ ಪ್ರೌಢಶಾಲೆ: ಎಂಟರಲ್ಲಿ 120, ಒಂಬತ್ತರಲ್ಲಿ 116, ಹತ್ತರಲ್ಲಿ 112, ಪರೀಕ್ಷೆ ಬರೆದವರು 110, ಪಾಸು 84. ಪತ್ರಿಕೆಯಲ್ಲಿ "ಶೇ. 76". ಈಗ ಎಂಟಕ್ಕೆ ಸೇರಿದವರ ಲೆಕ್ಕದಲ್ಲಿ ನೋಡಿ. ಖಾಸಗಿಯಲ್ಲಿ 60ಕ್ಕೆ 41, ಅಂದರೆ ಶೇ. 68. ಸರ್ಕಾರಿಯಲ್ಲಿ 120ಕ್ಕೆ 84, ಶೇ. 70. ನೂರಕ್ಕೂ ಎಪ್ಪತ್ತಾರಕ್ಕೂ ಇದ್ದ ಕಂದಕ ಎಲ್ಲಿ ಹೋಯಿತು? ಒಂಬತ್ತು ಮುಗಿಸಿ ಹತ್ತಕ್ಕೆ ಬಾರದ ಆ ಹದಿನೇಳು ಮಕ್ಕಳ ಜೊತೆ ಹೋಯಿತು.

ಒಂಬತ್ತರ ಫಲಿತಾಂಶದ ಹೊತ್ತಿಗೆ ತಂದೆ-ತಾಯಿಯನ್ನು ಕರೆದು "ನಿಮ್ಮ ಹುಡುಗನಿಗೆ ಇಲ್ಲಿ ಕಷ್ಟ ಆಗುತ್ತೆ, ಟಿಸಿ ತಗೊಂಡುಬಿಡಿ" ಎನ್ನುವ ಸಂಪ್ರದಾಯ ಎಷ್ಟು ಸಾಮಾನ್ಯವೆಂದು ಗೊತ್ತಾಗಬೇಕಾದರೆ ಯಾವುದಾದರೂ ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರನ್ನು ಚಹಾ ಕುಡಿಯಲು ಕರೆಯಿರಿ. ಜೂನ್‌ನಲ್ಲಿ ಆ ಮಕ್ಕಳು ಬಂದು ಸೇರುವುದು ಅವರ ತರಗತಿಗೇ.

ಆದರೆ ಇಳಿಕೆ ಕಂಡ ಕೂಡಲೇ ತೀರ್ಪು ಕೊಡಬೇಡಿ. ಊರಿನ ಕಾರ್ಖಾನೆ ಮುಚ್ಚಿರಬಹುದು, ಪಕ್ಕದಲ್ಲಿ ಹೊಸ ಶಾಲೆ ಬಂದಿರಬಹುದು. ಅಥವಾ ಆರನೇ ತರಗತಿಗೆ ಮಕ್ಕಳು ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯಗಳಿಗೆ ಪ್ರವೇಶ ಪರೀಕ್ಷೆ ಬರೆದು ಹೋಗಿರಬಹುದು. ಐದರಿಂದ ಆರಕ್ಕೆ ಸರ್ಕಾರಿ ಶಾಲೆಯಲ್ಲಿ ಮಕ್ಕಳು ಕಡಿಮೆಯಾದರೆ ಅದು ಆ ಶಾಲೆಯ ಸೋಲಾಗಿರಬೇಕಿಲ್ಲ, ಕೆಲವೊಮ್ಮೆ ಗೆಲುವೇ. ಬೇರೆ ಬೇರೆ ವರ್ಷದ ಮೂರು ತಂಡಗಳ ಮಕ್ಕಳ ಜಾಡು ಹಿಡಿದಾಗಲೂ ಒಂಬತ್ತರಿಂದ ಹತ್ತಕ್ಕೆ ಬರುವಾಗಲೇ ಸಂಖ್ಯೆ ಕುಸಿಯುತ್ತಿದ್ದರೆ ಮಾತ್ರ ಅನುಮಾನಪಡಿ.

ಚಿಕ್ಕ ತರಗತಿಗಳಲ್ಲೂ ಇದನ್ನೇ ಮಾಡಿ. ಸರ್ಕಾರಿ ಶಾಲೆಯ ಒಂದನೇ ತರಗತಿಗೆ ವರ್ಷವರ್ಷವೂ ಬರುವವರು 18, 14, 9, 5 ಎಂದು ಇಳಿಯುತ್ತಿದ್ದರೆ, ನಿಮ್ಮ ಮಗು ನಾಲ್ಕಕ್ಕೆ ಬರುವ ಹೊತ್ತಿಗೆ ಶಿಕ್ಷಕರ ಹುದ್ದೆ ಬೇರೆಡೆಗೆ ಹೋಗಿರುವ ಸಾಧ್ಯತೆ ಇದೆ. ಇವತ್ತಿನ ಮೇಷ್ಟ್ರು ಎಷ್ಟೇ ಒಳ್ಳೆಯವರಾಗಿರಲಿ.

ಹಂತ 5: ಎಸ್‌ಎಸ್‌ಎಲ್‌ಸಿ ಅಂಕಿಯನ್ನು ತೊಳೆದು ನೋಡಿ

ಶಾಲೆಯವರು "ರಿಸಲ್ಟ್ ನೂರು" ಎಂದರೆ ಕೇಳಬೇಕಾದ ಪ್ರಶ್ನೆಗಳು ಇವು, ಇದೇ ಕ್ರಮದಲ್ಲಿ.

ಯಾವ ಪರೀಕ್ಷೆಯದು? 2023-24ರಿಂದ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಮೂರು ಪರೀಕ್ಷೆ. ಮೂರೂ ಮುಗಿದ ಮೇಲಿನ ನೂರು ಬೇರೆ, ಪರೀಕ್ಷೆ-1ರ ನೂರು ಬೇರೆ. ಹೋಲಿಕೆಗೆ ಪರೀಕ್ಷೆ-1 ಮಾತ್ರ ತೆಗೆದುಕೊಳ್ಳಿ.

ಯಾವ ವರ್ಷದ್ದು? 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬಂತು, ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. 2025-26ರಿಂದ ಉತ್ತೀರ್ಣದ ಗೆರೆಯೇ 35ರಿಂದ 33ಕ್ಕೆ ಸರಿದಿದೆ. ಹಾಗಾಗಿ ಒಂದು ಶಾಲೆಯ 2023ರ ಅಂಕಿಯನ್ನು ಇನ್ನೊಂದರ 2024ರ ಅಂಕಿಯ ಪಕ್ಕ ಇಡುವುದು ಸೇರಿನಲ್ಲಿ ಅಳೆದದ್ದನ್ನು ಕಿಲೋಗೆ ಹೋಲಿಸಿದಂತೆ. ಪ್ರತಿ ವರ್ಷವೂ ಶಾಲೆಯ ಅಂಕಿಯಿಂದ ನಿಮ್ಮ ತಾಲ್ಲೂಕಿನ ಅದೇ ವರ್ಷದ ಅಂಕಿಯನ್ನು ಕಳೆಯಿರಿ. ಆ ವ್ಯತ್ಯಾಸಗಳನ್ನು ಹೋಲಿಸಿ.

ಎಷ್ಟು ಮಕ್ಕಳದ್ದು? ಹನ್ನೆರಡೇ ಮಕ್ಕಳಿರುವ ಶಾಲೆಯಲ್ಲಿ ಒಬ್ಬನಿಗೆ ಪರೀಕ್ಷೆ ದಿನ ಜ್ವರ ಬಂದರೆ ಫಲಿತಾಂಶ ಎಂಟು ಅಂಶ ಬೀಳುತ್ತದೆ. ಚಿಕ್ಕ ಶಾಲೆಗಳಿಗೆ ಮೂರು ವರ್ಷದ ಹಾಜರಾದವರನ್ನೂ ಪಾಸಾದವರನ್ನೂ ಕೂಡಿಸಿ ಒಂದೇ ಅಂಕಿ ಮಾಡಿ.

ಕೊನೆಯದು, ಯಾರೂ ಕೇಳದ್ದು: ಅಂಕದಲ್ಲಿ ಶಾಲೆಯ ಕೈ ಎಷ್ಟು? 625ರಲ್ಲಿ ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಕ್ಕೆ ತಲಾ 20, ಒಟ್ಟು 125 ಅಂಕ ಆಂತರಿಕ ಮೌಲ್ಯಮಾಪನದ್ದು, ಅಂದರೆ ಶಾಲೆಯೇ ಕೊಡುವುದು. ಎಲ್ಲರಿಗೂ ಇಪ್ಪತ್ತಕ್ಕೆ ಇಪ್ಪತ್ತು ಕೊಡುವ ಶಾಲೆಯೂ ಇದೆ, ಲೆಕ್ಕಾಚಾರದಿಂದ ಕೊಡುವ ಶಾಲೆಯೂ ಇದೆ. ಸಾಧ್ಯವಾದರೆ ಗಣಿತದ ಬರಹ ಪರೀಕ್ಷೆಯ 80ಕ್ಕೆ ಬಂದ ಅಂಕ ಕೇಳಿ. ಶಾಲೆಯ ನಿಜವಾದ ಬಣ್ಣ ಅಲ್ಲಿ ಕಾಣುತ್ತದೆ.

ಅಂಕಿ ಎಲ್ಲಿ ಸಿಗುತ್ತದೆ? ಮುಖ್ಯ ಶಿಕ್ಷಕರನ್ನು ನೇರವಾಗಿ ಕೇಳಿ, ಸರ್ಕಾರಿ ಶಾಲೆಗಳಲ್ಲಿ ಬಹಳಷ್ಟು ಸಲ ಕಚೇರಿಯ ಗೋಡೆಯ ಮೇಲೇ ಬರೆದಿರುತ್ತದೆ. ಸಿಬಿಎಸ್‌ಇ ಶಾಲೆಗಳು ಮೂರು ವರ್ಷದ ಫಲಿತಾಂಶ, ಸಿಬ್ಬಂದಿ, ಅಗ್ನಿ ಸುರಕ್ಷತಾ ಪ್ರಮಾಣಪತ್ರ ಎಲ್ಲವನ್ನೂ ತಮ್ಮ ಜಾಲತಾಣದ ಕಡ್ಡಾಯ ಪ್ರಕಟಣೆಯ ಪುಟದಲ್ಲಿ ಹಾಕಲೇಬೇಕು. ಆ ಪುಟ ಖಾಲಿಯಿದ್ದರೆ ಅದೂ ಒಂದು ಉತ್ತರ. ಉಳಿದ ಕಡೆ ಪೋಸ್ಟಲ್ ಆರ್ಡರ್ ತೆಗೆಯಿರಿ. ಖಾಸಗಿ ಅನುದಾನರಹಿತ ಶಾಲೆಗೆ ಮಾಹಿತಿ ಹಕ್ಕಿನಲ್ಲಿ ನೇರವಾಗಿ ಬರೆಯಲಾಗದಿದ್ದರೂ ಅದರ ಫಲಿತಾಂಶ ಬಿಇಒ ಕಚೇರಿಯಲ್ಲಿ ಇರುತ್ತದೆ. ಅರ್ಜಿ ಅಲ್ಲಿಗೇ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ. ಹೀಗೆ ಬರೆದರೆ ಸಾಕು:

"ತಮ್ಮ ವ್ಯಾಪ್ತಿಯ (ಶಾಲೆಯ ಹೆಸರು, ಯುಡೈಸ್ ಸಂಖ್ಯೆ) ಶಾಲೆಯಿಂದ ಕಳೆದ ಮೂರು ಸಾಲುಗಳಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ಕ್ಕೆ ನೋಂದಾಯಿಸಿದ, ಹಾಜರಾದ ಹಾಗೂ ಉತ್ತೀರ್ಣರಾದ ವಿದ್ಯಾರ್ಥಿಗಳ ವರ್ಷವಾರು ಸಂಖ್ಯೆಯನ್ನು ಒದಗಿಸಲು ಕೋರುತ್ತೇನೆ."

ಉತ್ತರಕ್ಕೆ ಮೂವತ್ತು ದಿನ. ಎರಡು ಶಾಲೆಯಾದರೆ ಎರಡು ಅರ್ಜಿ ಹಾಕಿ, ತಿರಸ್ಕರಿಸಲು ನೆಪ ಕೊಡಬೇಡಿ.

ಹಂತ 6: ಯಾರ ಮಕ್ಕಳು ಎಂದು ಕೇಳಿ

ಇಷ್ಟಾದರೂ ಖಾಸಗಿ ಶಾಲೆಯ ಅಂಕಿ ಮೇಲಿದ್ದರೆ ಒಂದು ಪ್ರಶ್ನೆ ಉಳಿಯುತ್ತದೆ. ಅದು ಶಾಲೆ ಕಲಿಸಿದ್ದೋ, ಮನೆಯಿಂದಲೇ ಬಂದದ್ದೋ? ಬ್ಯಾಂಕಿನಲ್ಲಿರುವ ಅಪ್ಪ, ಡಿಗ್ರಿ ಓದಿದ ಅಮ್ಮ, ಸಂಜೆ ಟ್ಯೂಷನ್ ಇರುವ ಮಗುವನ್ನು ಯಾವ ಶಾಲೆಗೆ ಹಾಕಿದರೂ ಪಾಸಾಗುತ್ತದೆ.

ಇದನ್ನು ಚೊಕ್ಕವಾಗಿ ಪರೀಕ್ಷಿಸಿದ್ದು ಪಕ್ಕದ ಆಂಧ್ರದಲ್ಲಿ. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎಂಬ ಅರ್ಥಶಾಸ್ತ್ರಜ್ಞರು 180 ಹಳ್ಳಿಗಳಲ್ಲಿ ಲಾಟರಿ ಎತ್ತಿ, ಗೆದ್ದ ಸರ್ಕಾರಿ ಶಾಲೆ ಮಕ್ಕಳಿಗೆ ಖಾಸಗಿ ಶಾಲೆಯ ಖರ್ಚು ಸಿಗುವಂತೆ ಮಾಡಿದರು. ಲಾಟರಿಯಾದ್ದರಿಂದ ಗೆದ್ದವರ ಮನೆ, ಸೋತವರ ಮನೆ ಒಂದೇ ತರಹದ್ದು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ನಾಲ್ಕು ವರ್ಷದ ನಂತರ ತೆಲುಗು ಮತ್ತು ಗಣಿತದಲ್ಲಿ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ, ಹಿಂದಿಯಲ್ಲಿ ಖಾಸಗಿ ಮಕ್ಕಳು ಮುಂದಿದ್ದರು. ಹಾಗೆಂದು ಸರ್ಕಾರಿ ಕಡೆಯವರು ಕುಣಿಯುವಂತಿಲ್ಲ. ಖಾಸಗಿಯವರು ಅಷ್ಟನ್ನು ಸಾಧಿಸಿದ್ದು ಆ ಎರಡು ವಿಷಯಕ್ಕೆ ಕಡಿಮೆ ಸಮಯ ಕೊಟ್ಟು, ಮತ್ತು ಪ್ರತಿ ಮಗುವಿಗೆ ಸರ್ಕಾರ ಖರ್ಚು ಮಾಡುವುದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಹಣದಲ್ಲಿ.

ನೀವು ಲಾಟರಿ ಎತ್ತಲಾರಿರಿ. ಆದರೆ ನಿಮ್ಮ ಬೀದಿಯಲ್ಲೇ ಒಂದೇ ತರಹದ ಮನೆಗಳನ್ನು ಹುಡುಕಬಹುದು. ಇಬ್ಬರು ಆಟೊ ಚಾಲಕರು, ಒಬ್ಬರ ಮಗಳು ಸರ್ಕಾರಿಯಲ್ಲಿ, ಇನ್ನೊಬ್ಬರ ಮಗಳು ಖಾಸಗಿಯಲ್ಲಿ. ಇಬ್ಬರಿಗೂ ಟ್ಯೂಷನ್ ಇಲ್ಲ, ಅಥವಾ ಇಬ್ಬರಿಗೂ ಇದೆ. ಅಂತಹ ಜೋಡಿಗಳು ಮುಂದಿನ ಹಂತಕ್ಕೆ ಬೇಕು.

ಹಂತ 7: ಜಗಲಿಯ ಮೇಲೆ ಹತ್ತು ನಿಮಿಷ

'ಅಸರ್' ಎಂಬ ಗ್ರಾಮೀಣ ಸಮೀಕ್ಷೆ 2005ರಿಂದ ಮನೆಮನೆಗೆ ಹೋಗಿ ಮಕ್ಕಳಿಂದ ಓದಿಸುತ್ತಿದೆ. ಅದರ ವರದಿಯಲ್ಲಿ ನಿಮ್ಮ ಶಾಲೆಯ ಹೆಸರು ಸಿಗುವುದಿಲ್ಲ, ಹುಡುಕಿ ದಣಿಯಬೇಡಿ. ಎರವಲು ಪಡೆಯಬೇಕಾದ್ದು ಅದರ ವಿಧಾನ: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕತೆ. ಲೆಕ್ಕದಲ್ಲಿ ದಶಕ ತೆಗೆದುಕೊಂಡು ಮಾಡುವ ಎರಡಂಕಿ ಕಳೆಯುವಿಕೆ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು.

ಎರಡೂ ಶಾಲೆಯಿಂದ ನಾಲ್ಕನೇ ತರಗತಿಯ ನಾಲ್ಕೈದು ಮಕ್ಕಳು ಸಾಕು. ಎರಡನೇ ತರಗತಿಯ ಪುಸ್ತಕದಿಂದ ಅವರು ಕಂಡಿರದ ಪುಟವೊಂದನ್ನು ತೆರೆದು "ಇದನ್ನ ನಂಗೆ ಓದಿ ಹೇಳ್ತೀಯಾ?" ಎನ್ನಿ. ಓದಿದ ಮೇಲೆ ಪುಸ್ತಕ ಮುಚ್ಚಿ "ಏನಾಯ್ತು ಕತೇಲಿ?" ಎಂದು ಕೇಳಿ. ಕೆಲವು ಮಕ್ಕಳು ಮಂತ್ರದಂತೆ ಸರಸರ ಓದಿ, ಏನಾಯಿತೆಂದು ಕೇಳಿದರೆ ಮುಖ ನೋಡುತ್ತಾರೆ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕತೆಯಲ್ಲೂ ಇದೇ ಪರೀಕ್ಷೆ ಮಾಡಿ, ಉತ್ತರ ಕನ್ನಡದಲ್ಲೇ ಹೇಳಲಿ. ಆಮೇಲೆ 52ರಿಂದ 37 ಕಳೆಯಲು ಕೊಡಿ. ಉತ್ತರ 25 ಬಂದರೆ ಏಳರಿಂದ ಎರಡನ್ನು ಕಳೆದಿದ್ದಾರೆ, ಅಂದರೆ ದಶಕ ತೆಗೆದುಕೊಳ್ಳುವುದು ತಲೆಗೆ ಹೋಗಿಲ್ಲ. ಒಂದು ಶಾಲೆಯ ಐವರಲ್ಲಿ ನಾಲ್ವರೂ 25 ಬರೆದರೆ ಅದು ಮಕ್ಕಳ ತಪ್ಪಲ್ಲ.

ಹೆತ್ತವರ ಒಪ್ಪಿಗೆ ಪಡೆದೇ ಮಾಡಿ, ಮಕ್ಕಳೆದುರು ಅಂಕ ಬರೆಯಬೇಡಿ. ಒಬ್ಬೊಬ್ಬರನ್ನೇ ಕೂರಿಸಿ, ಕೊನೆಗೆ ಒಂದು ಚಿಕ್ಕಿ ಕೊಡಿ. ನಾಲ್ಕೈದು ಮಕ್ಕಳಿಂದ ಶಾಲೆಯ ಮೇಲೆ ತೀರ್ಪು ಬರೆಯಲಾಗದು, ಆದರೆ ಮೇಲಿನ ಅಂಕಿಗಳು ಹೇಳಿದ್ದಕ್ಕೂ ಇದಕ್ಕೂ ತಾಳೆ ಬೀಳದಿದ್ದರೆ ಇನ್ನಷ್ಟು ಕೆದಕಬೇಕೆಂದು ಗೊತ್ತಾಗುತ್ತದೆ.

ಹಂತ 8: ಹತ್ತು ವರ್ಷದ ಖರ್ಚು, ಒಂದು ವರ್ಷದ್ದಲ್ಲ

2025ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ದೇಶದ ಸರಾಸರಿ ವೆಚ್ಚ ಸರ್ಕಾರಿ ಶಾಲೆಯ ಮಗುವಿಗೆ ವರ್ಷಕ್ಕೆ 2,863 ರೂಪಾಯಿ, ಉಳಿದ ಶಾಲೆಗಳಲ್ಲಿ 25,002. ಅಂದರೆ ಸರ್ಕಾರಿಯೂ ಪೂರ್ತಿ ಪುಕ್ಕಟೆಯಲ್ಲ.

ಖಾಸಗಿಯಲ್ಲಿ ಬೋಧನಾ ಶುಲ್ಕವೊಂದನ್ನೇ ಬರೆದುಕೊಳ್ಳುವವರೇ ಜಾಸ್ತಿ. ಡೊನೇಷನ್, ವ್ಯಾನು, ಪುಸ್ತಕ, ಎರಡು ತರಹದ ಸಮವಸ್ತ್ರ, ವಾರ್ಷಿಕೋತ್ಸವದ ಬಾಡಿಗೆ ಬಟ್ಟೆ, ಟ್ಯೂಷನ್ ಎಲ್ಲಾ ಸೇರಿಸಿ. ಎರಡನೇ ಮಗು ಇದ್ದರೆ ಎರಡು ಪಟ್ಟು. ಇದು ವರ್ಷಕ್ಕೆ 40,000 ಆಗಿ, ಪ್ರತಿ ವರ್ಷ ಶೇ. 10 ಏರಿದರೆ, ಹತ್ತು ವರ್ಷಕ್ಕೆ ನಾಲ್ಕು ಲಕ್ಷವಲ್ಲ, ಸುಮಾರು 6.37 ಲಕ್ಷ. ಹತ್ತನೇ ವರ್ಷದ ಒಂದೇ ಕಂತು 94 ಸಾವಿರ ದಾಟುತ್ತದೆ. ಆರನೇ ತರಗತಿಯಲ್ಲಿ ಫೀಸು ಕಟ್ಟಲಾಗದೆ ಶಾಲೆ ಬದಲಿಸುವ ಮಗುವಿಗೆ ಆಗುವ ನಷ್ಟ ಯಾವ ವರದಿ ಕಾರ್ಡಿನಲ್ಲೂ ಇಲ್ಲ.

"ಆರ್‌ಟಿಇ ಸೀಟು ಸಿಗುತ್ತೆ" ಎಂಬ ಭರವಸೆಯ ಮೇಲೆ ಲೆಕ್ಕ ಹಾಕಬೇಡಿ. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಶಿಕ್ಷಣ ಹಕ್ಕು ಕಾಯ್ದೆಯಡಿ ಬಡ ಮಕ್ಕಳಿಗೆ ಮೀಸಲಿಡುವ ಆ ಶೇ. 25 ಉಚಿತ ಸೀಟು ಕೊಡಬೇಕಿಲ್ಲವೆಂದು ಕರ್ನಾಟಕ 2019ರಲ್ಲೇ ನಿಯಮ ತಿದ್ದಿದೆ.

ಹಂತ 9: ಈಗ ಗೇಟಿಗೆ ಹೋಗಿ

ಶಾಲೆ ನಡೆಯುವ ದಿನ, ಹೇಳದೆ ಕೇಳದೆ, ಬೆಳಗ್ಗೆ ಹನ್ನೊಂದರ ಸುಮಾರಿಗೆ. ವರದಿಯಲ್ಲಿ ಎಷ್ಟು ಶಿಕ್ಷಕರೆಂದು ಬರೆದುಕೊಂಡಿದ್ದೀರೋ ಅಷ್ಟು ಮಂದಿ ಕಾಣುತ್ತಾರೆಯೇ ಎಣಿಸಿ. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಬೀಗವಿದೆಯೇ, ನಲ್ಲಿಯಲ್ಲಿ ನೀರಿದೆಯೇ ನೋಡಿ. ಖಾಸಗಿ ಶಾಲೆಯಲ್ಲಿ "ಈ ತರಗತಿಗೆ ಕಳೆದ ವರ್ಷ ಯಾರು ಪಾಠ ಮಾಡ್ತಿದ್ರು?" ಎಂದು ಮೂರು ತರಗತಿಯ ಮಕ್ಕಳನ್ನು ಕೇಳಿ. ಮೂರೂ ಕಡೆ "ಆ ಮಿಸ್ ಬಿಟ್ಟೋದ್ರು" ಎಂಬ ಉತ್ತರ ಬಂದರೆ ಬರೆದುಕೊಳ್ಳಿ. ಸರ್ಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ (ಹೆತ್ತವರಿರುವ ಶಾಲಾಭಿವೃದ್ಧಿ ಸಮಿತಿ) ಸದಸ್ಯರೊಬ್ಬರ ಫೋನ್ ನಂಬರು ಪಡೆದು, ಖಾಲಿ ಹುದ್ದೆ ಎಷ್ಟು, ಅತಿಥಿ ಶಿಕ್ಷಕರು ಯಾವ ತಿಂಗಳು ಬಂದರು ಎಂದು ವಿಚಾರಿಸಿ.

ಒಳಗೆ ಬಿಡದೆ ರಿಸೆಪ್ಷನ್ನಿನಲ್ಲೇ ಬ್ರೋಷರ್ ಕೊಟ್ಟು ಕಳಿಸುವ ಶಾಲೆಯ ಬಗ್ಗೆ ನಾನು ಹೆಚ್ಚು ಹೇಳಬೇಕಿಲ್ಲ.

ಹಂತ 10: ಮೊದಲು ತೆಗೆಯಿರಿ, ಆಮೇಲೆ ಆರಿಸಿ

ಪ್ರತಿ ಅಂಶಕ್ಕೂ ಹತ್ತಕ್ಕಿಷ್ಟು ಎಂದು ಅಂಕ ಹಾಕಿ ಕೂಡಿಸುವ ಪದ್ಧತಿ ನನಗೆ ಸೇರುವುದಿಲ್ಲ. ಸ್ಮಾರ್ಟ್ ಬೋರ್ಡಿಗೆ ಒಂಬತ್ತು, ಓದಿಗೆ ಐದು ಬಂದ ಶಾಲೆ, ಓದಿಗೆ ಒಂಬತ್ತು ಬಂದ ಶಾಲೆಯನ್ನು ಸೋಲಿಸಿಬಿಡುತ್ತದೆ. ಬದಲಿಗೆ ಸೋಸಿ. ಮಾನ್ಯತೆ ಸರಿಯಿಲ್ಲದ್ದು ಹೊರಗೆ. ಗುಂಪಿನ ಅರ್ಧದಷ್ಟೂ ಶಿಕ್ಷಕರಿಲ್ಲದ್ದು ಹೊರಗೆ. ಒಂಬತ್ತರಿಂದ ಹತ್ತಕ್ಕೆ ವರ್ಷವರ್ಷವೂ ಮಕ್ಕಳನ್ನು ಉದುರಿಸುವುದು ಹೊರಗೆ. ಐದನೇ ವರ್ಷದ ಫೀಸು ನಿಮ್ಮಿಂದ ಆಗದ್ದು ಹೊರಗೆ. ಉಳಿದವುಗಳಲ್ಲಿ ಜಗಲಿಯ ಮೇಲೆ ಚೆನ್ನಾಗಿ ಓದಿದ ಮಕ್ಕಳ ಶಾಲೆ ಯಾವುದೋ ಅದು. ಸಮವಾದರೆ ಹತ್ತಿರದ್ದು. ದಿನಕ್ಕೆ ಒಂದೂವರೆ ಗಂಟೆ ವ್ಯಾನಿನಲ್ಲಿ ತೂಕಡಿಸುವ ಮಗುವಿಗೆ ಸಂಜೆ ಆಟವೂ ಇಲ್ಲ, ಓದೂ ಇಲ್ಲ.

ಎಲ್ಲಾ ಶಾಲೆಯೂ ಹೊರಬಿದ್ದರೆ ಏನು? ಆಗುತ್ತದೆ, ಸಣ್ಣ ಊರುಗಳಲ್ಲಿ ಹೆಚ್ಚಾಗಿಯೇ ಆಗುತ್ತದೆ. ಆಗ ಸರಿಪಡಿಸಬಹುದಾದ ದೋಷ ಇರುವ ಶಾಲೆಯನ್ನು ಹಿಡಿಯಿರಿ. ಶೌಚಾಲಯದ ಬೀಗ ತೆಗೆಸಲು ಎಸ್‌ಡಿಎಂಸಿಯಿಂದ ಆಗುತ್ತದೆ. ಟಿಸಿ ಕೊಟ್ಟು ಕಳಿಸುವ ಆಡಳಿತ ಮಂಡಳಿಯ ಬುದ್ಧಿ ಬದಲಿಸಲು ನಿಮ್ಮಿಂದಾಗದು.

ನೋಟ್‌ಬುಕ್ ಬಿಸಾಡಬೇಡಿ. ಮಗು ಸೇರಿ ಒಂದು ವರ್ಷವಾದ ಮೇಲೆ ಹಂತ 7ನ್ನು ನಿಮ್ಮ ಮಗುವಿನ ಜೊತೆಗೇ ಮಾಡಿ. ಬದಲಿಸುವುದೇ ಸರಿಯೆನಿಸಿದರೆ ಬೇಸಿಗೆ ರಜೆಯಲ್ಲೇ ಟಿಸಿಗೆ ಲಿಖಿತ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಎಂಟನೇ ತರಗತಿಯವರೆಗೆ ಮಗುವನ್ನು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಿಸುವಾಗ, ಟಿಸಿ ಬರುವುದು ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ. ಅರ್ಜಿಯ ಕೆಳಗೆ ಅದನ್ನೂ ಒಂದು ಸಾಲು ಬರೆಯಿರಿ.